ಗರಿಗರಿ ಯಜಮಾನರ ತೊಂಬತ್ತು ಪೋಸ್ಟುಗಳು

"ಮೂರು ತಿಂಗಳ ಪೋಸ್ಟು, ಮೂರೇ ಗಂಟೇಲಿ! ಬರೆದಿಟ್ಕೋ!"

ಹೀಗೆಂದು ಘೋಷಿಸಿದವರು ನಮ್ಮ ಲಾಂಡ್ರಿ ಯಜಮಾನರು. ಬಟ್ಟೆಗೆ ಹಾಕುವ ಗಂಜಿಯಲ್ಲಿ ಒಂದು ಲೋಟ ತಾವೂ ಕುಡಿಯುತ್ತಾರೇನೋ ಎಂಬಂತೆ ಸದಾ ಸೆಟೆದುಕೊಂಡೇ ಇರುತ್ತಿದ್ದುದರಿಂದ ಬೀದಿಯವರು ಅವರಿಗೆ ಇಟ್ಟ ಹೆಸರು ಗರಿಗರಿ ಯಜಮಾನರು. ಅಂದು ಭಾನುವಾರ ಮಧ್ಯಾಹ್ನ, ಅಂಗಡಿಗೆ ರಜೆ. ಎದುರಿಗೆ ಲ್ಯಾಪ್‌ಟಾಪು, ಪಕ್ಕದಲ್ಲಿ ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತ ಕೂತ ಹೆಂಡತಿ.

"ನಾನ್ಯಾಕೆ ಬರೆದಿಟ್ಕೊಳ್ಳಲಿ? ಬರೆಯೋಕೆ ಅಂತಲೇ ಯಂತ್ರ ತಂದಿದ್ದೀರಲ್ಲ," ಎಂದರು ಹೆಂಡತಿ.

ಅಂಗಡಿಯ ಫೇಸ್‌ಬುಕ್ ಪುಟ ಅಲ್ಲಿಯವರೆಗೆ ಅವರ ಕೈಯಲ್ಲಿತ್ತು. ಒಗೆಯಲು ಬಂದ ಬಟ್ಟೆಗಳ ಜೇಬು ತಡಕುವುದು ಅವರ ಕೆಲಸ. ಸಿಕ್ಕಿದ್ದರಲ್ಲಿ ಒಂದನ್ನು ಮೇಜಿನ ಮೇಲಿಟ್ಟು ಫೋಟೊ ತೆಗೆದು, ದಿನಾ ಬೆಳಿಗ್ಗೆ ಏಳಕ್ಕೆ ನಾಲ್ಕು ಸಾಲು ಬರೆದು ಹಾಕುತ್ತಿದ್ದರು. "ಬೂದು ಪ್ಯಾಂಟಿನ ಜೇಬಿನಲ್ಲಿ ಒಂದು ಹಾಲುಹಲ್ಲು ಸಿಕ್ಕಿದೆ. ಹಲ್ಲು ಮಗುವಿನದು, ಜೇಬು ಅಪ್ಪನದು. ಬಂದು ತೆಗೆದುಕೊಂಡು ಹೋಗಿ. ಇವತ್ತು ಬಿಸಿಲು ಚೆನ್ನಾಗಿದೆ, ನನ್ನ ಮಂಡಿನೋವೂ ಇಳಿದಿದೆ."

ಈ ಕೊನೆಯ ಸಾಲು ಕಂಡರೆ ಯಜಮಾನರಿಗೆ ಮೈಯೆಲ್ಲ ಉರಿ.

"ಲಾಂಡ್ರಿ ಜಾಹೀರಾತಲ್ಲಿ ನಿನ್ನ ಮಂಡಿ ಯಾಕೆ ಬರ್ಬೇಕೇ? ಮಂಡಿಗೂ ಇಸ್ತ್ರಿ ಹಾಕಿಕೊಡ್ತೀವಾ?"

"ಕೇಳೋರು ಇದ್ದಾರೆ, ಹೇಳ್ತೀನಿ."

"ಯಾರಿದ್ದಾರೆ? ದಿನಾ ತಪ್ಪದೆ ಹಾರ್ಟ್ ಒತ್ತೋದು ಒಂದೇ ಒಂದು, 'ಹದಿನಾರು ಚಕ್ರ' ಅಂತ! ಯಾವುದೋ ಟೈರಿನ ಅಂಗಡಿ! ಟೈರಿಗೆ ಡ್ರೈ ಕ್ಲೀನಿಂಗ್ ಬೇಕಂತಾ?"

ಹೆಂಡತಿ ದಾರವನ್ನು ಹಲ್ಲಿನಲ್ಲಿ ಕಡಿದು ಮುಂದಿನ ಗುಂಡಿಗೆ ಹೋದರು.

ಅದು ಟೈರಿನ ಅಂಗಡಿಯಲ್ಲ. ಅವರಿಬ್ಬರ ಒಬ್ಬಳೇ ಮಗಳು. ಲಾಂಡ್ರಿ ನೋಡಿಕೊಳ್ಳಲಿ ಎಂದು ಅಪ್ಪ ಬೆಳೆಸಿದ ಮಗಳು ಲಾರಿ ಓಡಿಸಲು ಕಲಿತಳು. "ಲಾರಿ ಬೇಕೋ, ಮನೆ ಬೇಕೋ?" ಎಂದು ಅಪ್ಪ ಗುಡುಗಿದರು. ಅಪ್ಪನ ಗಂಜಿ ಮಗಳಿಗೂ ಇಳಿದಿತ್ತು ನೋಡಿ, "ಲಾರಿ" ಎಂದಳು. ಅಂದೇ ಅವಳ ಚೀಲ ಹೊಸಿಲಿನಾಚೆ ಬಿತ್ತು. ಅದೂ ಸಾಲದೆ ಯಜಮಾನರು ಹೆಂಡತಿಯ ಕೈಯನ್ನು ತಮ್ಮ ತಲೆಯ ಮೇಲಿಟ್ಟುಕೊಂಡು, ಅವಳಿಗೆ ಫೋನ್ ಮಾಡುವುದಿಲ್ಲ, ಕಾಗದ ಬರೆಯುವುದಿಲ್ಲ ಎಂದು ಆಣೆ ಹಾಕಿಸಿಕೊಂಡರು. ಗಂಡ ಚಾಪೆಯ ಕೆಳಗೆ ತೂರಿದರೆ ಹೆಂಡತಿ ರಂಗೋಲಿಯ ಕೆಳಗೆ ತೂರಿದರು. ಆಣೆಯಲ್ಲಿ ಫೇಸ್‌ಬುಕ್ಕಿನ ಮಾತು ಬಂದಿರಲಿಲ್ಲವಲ್ಲ! ಎರಡು ವರ್ಷದಿಂದ ತಾಯಿ ತನ್ನ ಮಂಡಿಯ ಸುದ್ದಿ ಹೇಳುವುದು, ಮಗಳು ಎಲ್ಲೋ ಲಾರಿ ನಿಲ್ಲಿಸಿ ಹಾರ್ಟ್ ಒತ್ತುವುದು. ಹಾರ್ಟ್ ಬಂತೆಂದರೆ ಮಗಳು ಬದುಕಿದ್ದಾಳೆ, ಊಟ ಮಾಡಿದ್ದಾಳೆ, ರಸ್ತೆ ಸುಖವಾಗಿದೆ ಎಂದು ಲೆಕ್ಕ. ಆ ತಾಯಿಗೆ ಉಳಿದಿದ್ದ ಸಂಸಾರಸುಖ ಅಷ್ಟೇ.

ಇದೇನೂ ಗೊತ್ತಿಲ್ಲದ ನಮ್ಮ ಮಹಾನುಭಾವರು ಎಐ ಮುಂದೆ ಕೂತರು. "ನಿಮ್ಮ ಗ್ರಾಹಕರಿಗೆ ಏನು ಭರವಸೆ ಕೊಡುತ್ತೀರಿ?" ಎಂದಿತು ಅದು. "ಮನೆಯವರ ಹಾಗೆ ನೋಡಿಕೊಳ್ಳುತ್ತೇವೆ" ಎಂದು ಯಜಮಾನರು ಒತ್ತಿದರು. ಅದು ತೊಂಬತ್ತು ಪೋಸ್ಟುಗಳನ್ನು ದಬದಬನೆ ಸುರಿಯಿತು, ಚಿತ್ರಸಮೇತ! ದಿನಕ್ಕೊಂದರಂತೆ ಬೆಳಿಗ್ಗೆ ಏಳಕ್ಕೆ ತಾನೇ ಹಾಕುವುದಾಗಿ ಒಪ್ಪಿಕೊಂಡಿತು. ಕಾಮೆಂಟುಗಳಿಗೂ ತಾನೇ ಉತ್ತರಿಸುತ್ತೇನೆ ಎಂದಿತು. ಇಷ್ಟು ವಿಧೇಯವಾದ ಪ್ರಾಣಿಯನ್ನು ಯಜಮಾನರು ಜನ್ಮದಲ್ಲಿ ಕಂಡಿರಲಿಲ್ಲ. ಮೊದಲ ಮೂರನ್ನು ಓದಿ, ಉಳಿದ ಎಂಬತ್ತೇಳಕ್ಕೆ ಕಣ್ಣುಮುಚ್ಚಿ ಒಪ್ಪಿಗೆ ಕೊಟ್ಟು, ಮಧ್ಯೆ ಮಂಡಿ ನುಗ್ಗದಿರಲೆಂದು ಪಾಸ್‌ವರ್ಡನ್ನೂ ಬದಲಾಯಿಸಿದರು.

"ಇನ್ನು ನಿನಗೆ ಬೆಳಗಿನ ಹೊತ್ತು ವಿಶ್ರಾಂತಿ," ಎಂದರು, ರಾಜ್ಯವನ್ನೇ ದಾನ ಕೊಟ್ಟವರ ಹಾಗೆ.

"ಬೇಡ ರೀ. ಆ ಒಂದು ಕೆಲಸ ನನಗೇ ಇರಲಿ."

"ಸುಮ್ನಿರೇ! ಎರಡು ದಿನ ನೋಡು, ನೀನೇ ಹೊಗಳ್ತೀಯ."

ಮೊದಲ ದಿನದ ಚಿತ್ರದಲ್ಲಿ ಒಬ್ಬ ಸುಂದರಿ ನಗುತ್ತ ಇಸ್ತ್ರಿ ಹಾಕುತ್ತಿದ್ದಳು. ಅವಳಿಗೆ ಮೂರು ಕೈ! "ಯಜಮಾನ್ರೇ, ಹೊಸಬಳನ್ನ ಎಲ್ಲಿಂದ ತಂದ್ರಿ? ಒಂದೂವರೆ ಸಂಬಳ ಕೊಡ್ತೀರಾ?" ಎಂದು ಎದುರಿನ ಕ್ಷೌರಿಕ ಕೂಗಿದ. ಎರಡನೆಯ ದಿನ, "ಯಾವ ಕಲೆಯಾದರೂ ತೆಗೆಯುತ್ತೇವೆ, ಸವಾಲು ಹಾಕಿ!" ಎಂದು ಬಂತು. ಜನ ಬಿಡುತ್ತಾರೆಯೇ? ಒಂಬತ್ತು ಗಂಟೆಗೆ ಬಾಗಿಲ ಮುಂದೆ ಸಾಲು. ಶಾಯಿ, ತುಕ್ಕು, ಗೇಟಿನ ಬಣ್ಣ, ಒಬ್ಬರದಂತೂ ಡಾಂಬರು! ಯಜಮಾನರು ಸಂಜೆಯವರೆಗೆ ಡಾಂಬರು ತಿಕ್ಕಿ, ಕೊನೆಗೆ ಪ್ಯಾಂಟಿನ ಬಣ್ಣ ತೆಗೆದರು, ಡಾಂಬರು ಉಳಿಸಿದರು. ಮೂರನೆಯ ದಿನ ಶಾಲೆಯ ಮೇಡಂ, "ನನ್ನ ಕೋಟು ಸುಟ್ಟು ಕೊಟ್ಟಿದ್ದೀರಿ" ಎಂದು ಕಾಮೆಂಟು ಹಾಕಿದರು. ಎಐ ಅರೆಕ್ಷಣದಲ್ಲಿ ಉತ್ತರಿಸಿತು: "ನಿಮ್ಮ ಸಂತೋಷವೇ ನಮ್ಮ ಸಂತೋಷ! ಮತ್ತೊಂದು ಕೋಟು ತನ್ನಿ!" ಮೇಡಂ ಕೋಟನ್ನು ತಂದರು, ಜೊತೆಗೆ ತಮ್ಮ ಯಜಮಾನರನ್ನೂ ತಂದರು.

ನಾಲ್ಕನೆಯ ದಿನದ ಪೋಸ್ಟನ್ನು ಯಜಮಾನರು ನೋಡಲೇ ಇಲ್ಲ. ಹೆಂಡತಿ ತಮ್ಮ ಫೋನಿನಲ್ಲಿ ನೋಡಿದರು; ಸ್ವಂತ ಖಾತೆಯಿಲ್ಲ, ಈಗ ಪಾಸ್‌ವರ್ಡೂ ಇಲ್ಲ, ನೋಡಬಹುದಿತ್ತೇ ಹೊರತು ಬರೆಯುವಂತಿರಲಿಲ್ಲ. ಮಡಿಸಿದ ಪುಟ್ಟ ಫ್ರಾಕಿನ ಚಿತ್ರ, ಅದರ ಕೆಳಗೆ, "ನಿಮ್ಮ ಬಟ್ಟೆಯನ್ನು ನಾವು ನಮ್ಮ ಸ್ವಂತ ಮಗಳಂತೆ ನೋಡಿಕೊಳ್ಳುತ್ತೇವೆ."

ಹತ್ತು ನಿಮಿಷಕ್ಕೆ ಹದಿನಾರು ಚಕ್ರದಿಂದ ಕಾಮೆಂಟು ಬಂತು. ಎರಡು ವರ್ಷದಲ್ಲಿ ಅವಳು ಬರೆದ ಮೊದಲ ಮಾತು.

"ಅಂದ್ರೆ, ಹೊರಗೆ ಎಸೀತೀರಾ?"

ಎಐ ತಡಮಾಡಲಿಲ್ಲ. "ನಿಮ್ಮ ಆಸಕ್ತಿಗೆ ಧನ್ಯವಾದಗಳು! ಹೌದು, ಖಂಡಿತ! ಸ್ನೇಹಿತರಿಗೂ ತಿಳಿಸಿ!"

ಮರುದಿನ ಏಳಕ್ಕೆ ಹಾರ್ಟ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹೆಂಡತಿ ಮುಟ್ಟಿದ್ದೆಲ್ಲ ಕೈಜಾರತೊಡಗಿತು. ಜೇಬು ನೋಡುವುದನ್ನು ಮರೆತು, ಯಾರದೋ ಪೆನ್ನು ಒಗೆಯುವ ಯಂತ್ರಕ್ಕೆ ಹೋಗಿ, ಇಪ್ಪತ್ತು ಬಿಳಿ ಅಂಗಿ ನೀಲಿಯಾದವು. ಯಜಮಾನರು ಕೂಗಾಡಿದರು. ಹೆಂಡತಿ ನೀಲಿ ಅಂಗಿಗಳನ್ನು ಒಂದೊಂದಾಗಿ ನೀರಿಗೆ ಹಾಕುತ್ತ ಹೋದರು.

ಒಂಬತ್ತನೆಯ ದಿನ ಬೆಳಿಗ್ಗೆ ಯಜಮಾನರು ಲ್ಯಾಪ್‌ಟಾಪು ತೆರೆದು ಲೆಕ್ಕ ನೋಡಿ ಹಿಗ್ಗಿ ಹೀರೇಕಾಯಿಯಾದರು.

"ಮುನ್ನೂರ ಹನ್ನೆರಡು ಲೈಕು! ನೀನು ಎರಡು ವರ್ಷದಲ್ಲಿ ಕಂಡಿದ್ಯಾ? ಆ ಟೈರಿನ ಅಂಗಡಿ ಒಂದು ಹಾರ್ಟ್ ಒತ್ತೋದು ಬಿಟ್ಟಿದೆ. ಹೋದ್ರೆ ಹೋಗ್ಲಿ, ಪೀಡೆ!"

ಹೆಂಡತಿಯ ಕೈಯಿಂದ ಬಟ್ಟೆಯ ಬುಟ್ಟಿ ಕೆಳಗೆ ಬಿತ್ತು.

"ಪೀಡೆ ಅಲ್ಲ ರೀ. ನಿಮ್ಮ ಮಗಳು ಅದು."

"ಏನಂದೆ?"

"ಹದಿನಾರು ಚಕ್ರ ಇರೋದು ಲಾರಿಗೆ. ಓಡಿಸೋಳು ನಿಮ್ಮ ಮಗಳು. ನೀವು ಆಣೆ ಹಾಕಿಸಿದ್ರಿ, ಫೋನ್ ಮಾಡ್ಲಿಲ್ಲ. ಈ ಐದು ದಿನದಲ್ಲಿ ಎಷ್ಟು ಸಲ ಫೋನು ಕೈಗೆ ತಗೊಂಡೆ, ನಿಮ್ಮ ತಲೆ ನೆನಪಾಗಿ ಕೆಳಗಿಟ್ಟೆ. ಬೆಳಿಗ್ಗೆ ಒಂದು ಹಾರ್ಟ್ ಬರ್ತಿತ್ತು. ಅದನ್ನೂ ಕಿತ್ಕೊಂಡ್ರಿ." ಅವರು ನಾಲ್ಕನೆಯ ದಿನದ ಪೋಸ್ಟು ತೆಗೆದು ಗಂಡನ ಮುಂದೆ ಹಿಡಿದರು. "ಓದಿ. ನಿಮ್ಮ ಯಂತ್ರ ನಿಮ್ಮ ಮಗಳಿಗೆ ಏನು ಹೇಳಿದೆ ಅಂತ ಓದಿ. ಅವಳು ಅದನ್ನ ನಾನೇ ಬರೆದೆ ಅಂದ್ಕೊಂಡಿದ್ದಾಳೆ."

ಯಜಮಾನರು ಓದಿದರು. "ಹೌದು, ಖಂಡಿತ!" ಎಂಬಲ್ಲಿ ಅವರ ಕಣ್ಣು ನಿಂತುಬಿಟ್ಟಿತು. ಎರಡು ವರ್ಷದ ಹಿಂದೆ ಹೊಸಿಲಲ್ಲಿ ನಿಂತು ತಾವು ಆಡಿದ್ದೂ ಹೆಚ್ಚುಕಡಿಮೆ ಅದೇ ಎಂಬುದು ಅವರಿಗೆ ತಿಳಿಯಿತು. ಯಂತ್ರ ಧನ್ಯವಾದವನ್ನಾದರೂ ಹೇಳಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬಾಯಿಪಾಠ ಮಾಡಿದ ಜನ ನಾವು. ಆದರೂ ಒಡೆಯುವುದನ್ನು ಬಿಡುವುದಿಲ್ಲ.

ಅಂದು ಅಂಗಡಿಯ ಬಾಗಿಲು ತೆರೆಯಲಿಲ್ಲ. ಯಜಮಾನರು ಉಳಿದ ಪೋಸ್ಟುಗಳನ್ನು ಒಂದೊಂದಾಗಿ ಅಳಿಸಿದರು. ತಾನೇ ಉತ್ತರಿಸುವ ಆ ವಿಧೇಯ ಪ್ರಾಣಿಯನ್ನೂ ಕಿತ್ತುಹಾಕಿದರು.

"ಆಣೆ ವಾಪಸ್ ತಗೊಂಡೆ. ಫೋನ್ ಮಾಡು," ಎಂದರು.

"ನಾನಲ್ಲ. ಮಾಡೋದಾದ್ರೆ ನೀವು ಮಾಡಿ."

"ಫೋನಲ್ಲಿ ನನಗೆ ಬೈಯೋಕೆ ಮಾತ್ರ ಬರುತ್ತೆ ಕಣೇ. ಬರೀತೀನಿ. ನಾನೇ ಬರೀತೀನಿ."

ಎರಡೂ ಹೆಬ್ಬೆರಳಿನಲ್ಲಿ ಬರೆಯುವ ವಿದ್ಯೆ ಅವರಿಗಿರಲಿಲ್ಲ. ತೋರುಬೆರಳಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿದರು, ಅಳಿಸಿದರು, ಮತ್ತೆ ಕುಟ್ಟಿದರು. ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಒಂದೂವರೆ ಗಂಟೆಯಾದ ಮೇಲೆ, ಇಡೀ ಬೀದಿ ಓದುವ ಅಂಗಡಿಯ ಪುಟದಲ್ಲಿ ಇಷ್ಟು ಬಂತು:

"ಮಗಳೇ, ನಾನು ಅಪ್ಪ. ನಿನ್ನನ್ನು ಹೊರಗೆ ಹಾಕಿದ್ದು ತಪ್ಪು. ಹೋದ ವರ್ಷ ಸಿಮೆಂಟ್ ಗೋದಾಮಿನ ಹತ್ತಿರ ನಿನ್ನನ್ನು ನೋಡಿದೆ. ಅಷ್ಟು ಸಣ್ಣ ಗೇಟಿನಲ್ಲಿ ಅಷ್ಟು ದೊಡ್ಡ ಲಾರಿಯನ್ನು ನೀನು ಒಂದೇ ಸಲಕ್ಕೆ ಹಿಂದಕ್ಕೆ ತೆಗೆದುಕೊಂಡೆ. ಪಕ್ಕದವರಿಗೆ ಅವಳು ನನ್ನ ಮಗಳು ಎಂದು ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಮನೆಗೆ ಬಾ."

ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಅವಳನ್ನು ನೋಡಿದ್ದನ್ನು ಈ ಮನುಷ್ಯ ತಮಗೂ ಹೇಳಿರಲಿಲ್ಲ. ಸಿಟ್ಟು ಮಾಡಲು ಹೊರಟರು, ಗಂಡನ ಮುಖ ನೋಡಿ ಬಿಟ್ಟರು.

ಸಂಜೆ ಐದಕ್ಕೆ ಫೋನು ಗುಣುಗುಟ್ಟಿತು. ಇಬ್ಬರೂ ಒಟ್ಟಿಗೇ ಬಾಗಿದರು. ಹದಿನಾರು ಚಕ್ರ ಬರೆದಿದ್ದಳು.

"ತುಂಬಾ ಚೆನ್ನಾಗಿದೆ. ಓದ್ತಾ ಅತ್ತುಬಿಟ್ಟೆ, ಹಿಂದಿನ ಗಾಡಿಯೋರು ಹಾರ್ನ್ ಹೊಡೆದ್ರು. ಆದ್ರೆ ಅಪ್ಪ ಹೀಗೆಲ್ಲ ಮಾತಾಡೋರಲ್ಲ. ಇದ್ಯಾವ ಆ್ಯಪು?"

ಯಜಮಾನರ ಗರಿಗರಿಯೆಲ್ಲ ಇಳಿದು, ಒದ್ದೆ ಬಟ್ಟೆಯ ಹಾಗೆ ಕುರ್ಚಿಯಲ್ಲಿ ಕುಸಿದರು.

"ನಾನೇ ಬರೆದಿದ್ದು ಅಂತ ನೀನಾದ್ರೂ ಹೇಳೇ ಅವಳಿಗೆ."

"ಹೇಳ್ತೀನಿ ರೀ," ಎಂದರು ಹೆಂಡತಿ. "ಆದ್ರೆ ಅವಳ ಮೇಲೆ ಬೇಜಾರು ಮಾಡ್ಕೋಬೇಡಿ. ಪಕ್ಕದಲ್ಲೇ ಕೂತು ಕಣ್ಣಾರೆ ನೋಡದೇ ಇದ್ದಿದ್ರೆ, ನಾನೂ ನಂಬ್ತಿರಲಿಲ್ಲ."