ಹೋಗುವುದು ಮಾತ್ರ ಗೊತ್ತಿದ್ದ ಕಾಲುಗಳು

ಲಾಠಿಗೆ ಬಗ್ಗದ ಮನುಷ್ಯ ನಾನು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಏಕೆಂದರೆ ಹೇಳಬೇಕಾಗಿದ್ದವರು ಒಂದೋ ತೀರಿಕೊಂಡಿದ್ದಾರೆ, ಇಲ್ಲವೇ ಮಂತ್ರಿಗಳಾಗಿದ್ದಾರೆ. ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದಷ್ಟು ಕಾಲವೂ ಅದರ ಗೇಟಿನ ಒಳಗೆ ನಿಂತದ್ದಕ್ಕಿಂತ ಹೊರಗೆ ನಿಂತದ್ದೇ ಹೆಚ್ಚು. ಈ ಊರಿನಲ್ಲಿ ನಾನು ಮೆರವಣಿಗೆ ಹೋಗದ ರಸ್ತೆಯಿಲ್ಲ, ನನ್ನ ಬೈಗುಳ ಕೇಳದ ಕಚೇರಿಯಿಲ್ಲ. ಅಂಥ ನನಗೆ ಮೊನ್ನೆ ಮಣ್ಣು ಮುಕ್ಕಿಸಿದ್ದು ಸರ್ಕಾರವಲ್ಲ, ಮಾಲೀಕನೂ ಅಲ್ಲ. ನಮ್ಮ ಮನೆಯಿಂದ ಹಾಲಿನ ಅಂಗಡಿಯವರೆಗಿನ ರಸ್ತೆ.

ಎಲ್ಲ ಶುರುವಾದದ್ದು ಒಂದು ಬಸ್ಸಿನಿಂದ. ನಮ್ಮ ಬಡಾವಣೆಗೆ ಬರುತ್ತಿದ್ದ ಒಂದೇ ಒಂದು ಬಸ್ಸನ್ನು ಡಿಪೋದವರು ನಿಲ್ಲಿಸಿದರು. ಯಾಕೆಂದು ಕೇಳಿದರೆ, ಜನ ಹತ್ತುವುದಿಲ್ಲ ಎಂದರು. ಬಂದರೆ ತಾನೇ ಹತ್ತುವುದು? ವಾರಕ್ಕೆರಡು ಸಲ ಬರುವ ನೀರಿಗೆ ಕಾದಷ್ಟೇ ಆ ಬಸ್ಸಿಗೂ ಕಾದವರು ನಾವು. ಅಂತೂ ಅಂದಿನಿಂದ ಮಕ್ಕಳು, ಮುದುಕರು, ಗಂಟುಮೂಟೆಯವರು ಎಲ್ಲರೂ ಮುಖ್ಯರಸ್ತೆಯವರೆಗೆ ನಡೆಯುವಂತಾಯಿತು.

ನನ್ನ ಹೆಂಡತಿ ಮನೆಯಲ್ಲೇ ಹೊಲಿಗೆ ಮಿಷನ್ ತುಳಿಯುವವಳು. ಹೊಲಿದ ಶಾಲೆಯ ಸಮವಸ್ತ್ರಗಳನ್ನು ಗಂಟು ಕಟ್ಟಿ ಪೇಟೆಯ ಅಂಗಡಿಗೆ ಮುಟ್ಟಿಸಬೇಕು. ಗಂಟನ್ನು ಸೊಂಟಕ್ಕೇರಿಸಿ ಹೋಗುವಳು; ಬರುವಾಗ ಕತ್ತರಿಸಿದ ಬಟ್ಟೆಯ ಇನ್ನೊಂದು ಗಂಟನ್ನು ಹೊತ್ತು ತರುವಳು. ನಾನು ಬಾಗಿಲ ಮೆಟ್ಟಿಲ ಮೇಲೆ ಕುಳಿತು, ಎಂಥ ಅನ್ಯಾಯ ಎಂದು ಅವಳ ಪರವಾಗಿ ಕುದಿಯುತ್ತಿದ್ದೆ. (ಕುದಿಯುವುದೂ ಕೆಲಸವೇ. ಮಾಡಿದವರಿಗೆ ಗೊತ್ತು.)

ಡಿಪೋಗೆ ಮೆರವಣಿಗೆ ಹೋಗುವುದೆಂದು ಬಡಾವಣೆಯ ಸಮಿತಿ ತೀರ್ಮಾನಿಸಿತು. ಸಭೆ ನಡೆದದ್ದು ನಮ್ಮ ನಡುಮನೆಯಲ್ಲೇ. ಸಮಿತಿಗೆ ಈಗ ಅಧ್ಯಕ್ಷೆ ಮೂರನೆಯ ಅಡ್ಡರಸ್ತೆಯ ಟೀಚರಮ್ಮ. ಆಕೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, ಯಜಮಾನರು ಮೈಕಿನ ಗಾಡಿಯಲ್ಲಿ ಕೂತು ಬರಲಿ ಎಂದರು. ಎಲ್ಲರೂ ತಲೆಯಾಡಿಸಿದರು.

ಮೈಕಿನ ಗಾಡಿ ಎಂದರೇನೆಂದು ನನಗೆ ಹೇಳಿಕೊಡಬೇಕೆ? ಗಂಟಲು ಉಳಿದು ಮಂಡಿ ಹೋದವರನ್ನು ತುಂಬುವ ಗಾಡಿ ಅದು. ಎಷ್ಟೋ ಹಿರಿಯರನ್ನು ನಾನೇ ಗೌರವದಿಂದ ಎತ್ತಿ ಅದರೊಳಗೆ ಹಾಕಿದ್ದೇನೆ, ಹಾಕಿದ ಮೇಲೆ ಮರೆತೂ ಇದ್ದೇನೆ. ಜೀವ ಇರುವವರೆಗೆ ಮುಂದಿನ ಸಾಲಿನಲ್ಲಿ ಬ್ಯಾನರಿನ ಕೋಲು ಹಿಡಿದೇ ನಡೆಯುವವನು ನಾನು ಎಂದು ಘೋಷಿಸಿದೆ. ಮಿಷನ್ನಿನ ಹಿಂದಿನಿಂದ, ತಲೆ ಎತ್ತದೆಯೇ ಒಂದು ದನಿ ಬಂತು.

"ಹಾಲು ತನ್ನಿ ಅಂದ್ರೆ ಮಂಡಿ ನೋವು ಅಂತೀರಿ. ಬ್ಯಾನರ್ ಹಿಡಿಯೋಕೆ ಮಂಡಿ ಬೇಡ್ವಾ?"

"ಹಾಲು ತರೋದು ಹೋರಾಟ ಅಲ್ಲ ಕಣೇ."

"ಅಲ್ಲ. ಅದಕ್ಕೇ ದಿನಾ ನಾನೇ ತರ್ತಿರೋದು."

ಸಭೆ ನಕ್ಕಿತು. ಟೀಚರಮ್ಮ ಜಾಣೆ, ನನ್ನ ಮಾತನ್ನೂ ತಳ್ಳಿಹಾಕಲಿಲ್ಲ, ಕೋಲನ್ನೂ ಕೊಡಲಿಲ್ಲ. ಮೆರವಣಿಗೆಗೆ ಇನ್ನೂ ಸಮಯವಿದೆ, ಅಷ್ಟರೊಳಗೆ ಯಜಮಾನರು ದಿನವೂ ನಡೆದು ಅಭ್ಯಾಸ ಮಾಡಿಕೊಳ್ಳಲಿ, ಅಕ್ಕ ಹೂಂ ಅಂದರೆ ಕೋಲು, ಉಹೂಂ ಅಂದರೆ ಗಾಡಿ ಎಂದು ತೀರ್ಪು ಕೊಟ್ಟರು. ಇಡೀ ಚಳವಳಿಯಲ್ಲಿ ನನ್ನ ಸ್ಥಾನವನ್ನು ನಿರ್ಧರಿಸುವ ಪರಮಾಧಿಕಾರ ಹೀಗೆ, ಬಾಯಿಯಲ್ಲಿ ದಾರ ಕಚ್ಚಿಕೊಂಡಿದ್ದ ನನ್ನ ಹೆಂಡತಿಯ ಕೈ ಸೇರಿತು.

ಮರುದಿನ ಬೆಳಗ್ಗೆಯೇ ಹೊರಟೆ. ನಡೆಯುವುದೆಂದರೆ ನನಗೆ ಗೊತ್ತಿರುವುದು ಒಂದೇ ಬಗೆ: ಎದೆ ಮುಂದೆ, ಮುಷ್ಟಿ ಮೇಲೆ, ಹೆಜ್ಜೆಗೊಂದು ಘೋಷಣೆ. ಬೆಳಗಿನ ಹೊತ್ತು ಬಾಯಿಬಿಟ್ಟು ಕೂಗಿದರೆ ಬೀದಿನಾಯಿಗಳು ಬೆಂಬಲ ಸೂಚಿಸುತ್ತವೆ. ಹಾಗಾಗಿ ಹಲ್ಲು ಕಚ್ಚಿ ಎದೆಯೊಳಗೇ ಕೂಗಿಕೊಳ್ಳುತ್ತಾ ಹಾಲಿನ ಅಂಗಡಿಯವರೆಗೆ ಹೋದೆ. ಹೋಗುವಾಗ ಹುಲಿ. ಅಲ್ಲಿ ತಿರುಗಿ ನಿಂತೆ ನೋಡಿ, ಮನೆ ಎಲ್ಲೋ ದಿಗಂತದಾಚೆ ಇದ್ದಂತೆ ಕಂಡಿತು. ಮನೆ ಸೇರುವಷ್ಟರಲ್ಲಿ ನನ್ನ ಕಾಲುಗಳು ನನ್ನವಾಗಿರಲಿಲ್ಲ.

ಒಂದೆರಡು ದಿನ ಹೀಗಾಗುತ್ತದೆ ಎಂದುಕೊಂಡೆ. ದಿನ ಕಳೆದಂತೆ ದೂರ ಹೆಚ್ಚಿಸಿದೆ; ದೂರದ ಜೊತೆಗೆ ಸುಸ್ತೂ ಬೆಳೆಯಿತು. ಅದು ಸಾಮಾನ್ಯ ಸುಸ್ತಲ್ಲ. ಊಟಕ್ಕೆ ಕೂತವನು ತುತ್ತೆತ್ತಿದ ಕೈಯನ್ನು ಹಾಗೇ ಇಟ್ಟುಕೊಂಡು ನಿದ್ದೆ ಹೋದೆ. ಕ್ಷೌರಕ್ಕೆ ಹೋದವನು ಕುರ್ಚಿಗೆ ಒರಗಿದ್ದೊಂದೇ ನೆನಪು. ಮೀಸೆ ಇಡಬೇಕೋ ತೆಗೆಯಬೇಕೋ ಎಂದು ಕ್ಷೌರಿಕ ಕೇಳಿದನಂತೆ, ನಾನು ಗೊರಕೆ ಹೊಡೆದೆನಂತೆ, ಅದನ್ನು ಒಪ್ಪಿಗೆಯೆಂದು ತಿಳಿದು ತೆಗೆದೇಬಿಟ್ಟ. ಎಷ್ಟೋ ಸರ್ಕಾರಗಳು ಬಿದ್ದರೂ ಬೀಳದ ಮೀಸೆ ಅದು. ಮನೆಗೆ ಬಂದು ಬಾಗಿಲು ತಟ್ಟಿದರೆ, ಇವಳು ಅರ್ಧ ಬಾಗಿಲು ತೆರೆದು, ಯಾರು ಬೇಕಿತ್ತು ಎಂದು ಕೇಳಿದಳು.

ಸುಸ್ತನ್ನು ಅವಳಿಂದ ಬಚ್ಚಿಡುವುದೇ ನಡಿಗೆಗಿಂತ ದೊಡ್ಡ ದುಡಿಮೆಯಾಯಿತು. ಮುಖ್ಯರಸ್ತೆಗೆ ಹೋಗುವ ದಾರಿಯ ನಡುವೆ ಒಂದು ಮೋರಿಯಿದೆ, ಅದಕ್ಕೊಂದು ಗಿಡ್ಡ ಕಟ್ಟೆ. ವಾಪಸು ಬರುವಾಗ ಅದರ ಮೇಲೆ ಕುಸಿದು ಕೂತಿದ್ದೆ. ಅದೇ ಹೊತ್ತಿಗೆ ಇವಳು ಗಂಟು ಹೊತ್ತು ಎದುರಿಗೆ ಬಂದಳು.

"ಯಾಕ್ರೀ ಕೂತ್ರಿ?"

"ಕೂತಿಲ್ಲ. ಚರಂಡಿ ಪರಿಶೀಲನೆ ಮಾಡ್ತಿದೀನಿ."

ಅವಳು ಒಮ್ಮೆ ಚರಂಡಿಯನ್ನೂ ಒಮ್ಮೆ ನನ್ನನ್ನೂ ನೋಡಿದಳು. ಎರಡರಲ್ಲಿ ಯಾವುದರ ಸ್ಥಿತಿ ಹೆಚ್ಚು ಕೆಟ್ಟಿದೆ ಎಂದು ಅಳೆದಂತಿತ್ತು. ಏನೂ ಹೇಳದೆ ಮುಂದೆ ಹೋದಳು. ಆದರೆ ದಾರಿಯುದ್ದಕ್ಕೂ ಯಾರ್ಯಾರಿಗೋ ಹೇಳಿದ್ದಿರಬೇಕು. ಮರುದಿನ ನಾನು ಕಟ್ಟೆಯ ಮೇಲೆ ಕೂರುತ್ತಲೇ ಅಕ್ಕಪಕ್ಕದ ಮನೆಗಳಿಂದ ಹೆಂಗಸರು ಬಂದು ವಾಸನೆಯ ಬಗ್ಗೆ, ಸೊಳ್ಳೆಯ ಬಗ್ಗೆ ದೂರು ಕೊಡತೊಡಗಿದರು. ಒಬ್ಬಾಕೆ ಉದ್ದನೆಯ ಬಿದಿರು ತಂದು ನನ್ನ ಕೈಗಿತ್ತು, ಬರೀ ನೋಡಿದರೆ ಹೇಗೆ, ಸ್ವಲ್ಪ ಕದಡಿ ಎಂದಳು. ಸುಸ್ತಾಗಿ ಕೂತದ್ದೆಂದು ಹೇಳುವಂತಿಲ್ಲ. ಕದಡಿದೆ. ಹಾಗೆ ದಿನಾ ನಡೆಯುವುದರ ಜೊತೆಗೆ ದಿನಾ ಚರಂಡಿ ಕದಡುವುದೂ ನನ್ನ ಪಾಲಿಗೆ ಬಂತು.

ಕೊನೆಗೆ ಒಂದು ದಿನ ನಮ್ಮ ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತಲ್ಲೇ ನಿದ್ದೆ ಹೋಗಿದ್ದೆನಂತೆ. ನನಗೆ ಯಾವುದೋ ದೊಡ್ಡ ಕಾಯಿಲೆ ಹತ್ತಿದೆ ಎಂಬುದರಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ. ಸಂತಾಪ ಸಭೆಯಲ್ಲಿ ಯಾರು ಯಾರು ಮಾತಾಡಬೇಕು, ಯಾರಿಗೆ ಮೈಕು ಕೊಡಲೇಬಾರದು ಎಂದು ಇವಳಿಗೆ ಹೇಳಿಟ್ಟೆ. ಇವಳು ಪೂರ್ತಿ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿಕೊಳ್ಳಿ ಎಂದು ನನ್ನನ್ನು ಡಾಕ್ಟರ ಹತ್ತಿರ ಎಳೆದೊಯ್ದಳು.

ಡಾಕ್ಟರು ನಮ್ಮ ಗಿರಣಿಯ ಹಳೆಯ ಗೆಳೆಯನ ಮಗಳು. ನಾನು ಎತ್ತಿ ಆಡಿಸಿದ ಹುಡುಗಿ. ರಕ್ತ ತೆಗೆದಳು, ಎದೆಗೆ ತಂತಿ ಅಂಟಿಸಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಎಲ್ಲವೂ ಸರಿಯಿತ್ತು. (ಸ್ವಲ್ಪ ನಿರಾಸೆಯಾಯಿತು ಎಂದರೆ ನಂಬುತ್ತೀರಾ?) ಇಷ್ಟು ವರ್ಷ ಕೂತಿದ್ದ ಮೈ ಒಮ್ಮೆಲೇ ಎದ್ದರೆ ಸುಸ್ತಾಗುವುದು ಸಹಜ, ಮೈಗೆ ರೂಢಿಯಾಗಲು ಕಾಲ ಬೇಕು, ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು ಎಂದಳು. ನನಗೆ ಸಿಟ್ಟು ಬಂತು.

"ನಾನು ಕೂತವನೇನಮ್ಮ? ಜೀವಮಾನವೆಲ್ಲ ಮೆರವಣಿಗೆಯಲ್ಲಿ ನಡೆದವನು."

"ಹೌದಾ ದೊಡ್ಡಪ್ಪ? ಹಾಗಾದ್ರೆ ಹೇಗೆ ನಡೀತೀರಿ, ಒಂದ್ಸಲ ತೋರಿಸಿ."

ಆಸ್ಪತ್ರೆಯ ಮೊಗಸಾಲೆಯಲ್ಲಿ ನಡೆದು ತೋರಿಸಿದೆ. ಎದೆ ಮುಂದೆ, ಮುಷ್ಟಿ ಮೇಲೆ, ಎದೆಯೊಳಗೆ ಘೋಷಣೆ. ಚೀಟಿ ಹಿಡಿದು ಕೂತಿದ್ದ ರೋಗಿಗಳು ಎದ್ದು ದಾರಿ ಬಿಟ್ಟರು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ದೊಡ್ಡಪ್ಪ, ಉಸಿರನ್ನೆಲ್ಲ ಘೋಷಣೆಗೇ ಕೊಟ್ಟರೆ ಕಾಲಿಗೇನು ಉಳಿಯುತ್ತದೆ ಎಂದು ಕೇಳಿದಳು. ಮೆರವಣಿಗೆಯಲ್ಲಿ ಇದಕ್ಕಿಂತ ಜೋರಾಗಿ ಕೂಗುತ್ತಿದ್ದೆ, ಆಗೇಕೆ ಸುಸ್ತಾಗುತ್ತಿರಲಿಲ್ಲ ಎಂದು ನಾನೂ ಬಿಡದೆ ಕೇಳಿದೆ.

ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ಇವಳು ಬಾಯಿ ಬಿಟ್ಟಳು. "ನಾನು ಹೇಳ್ತೀನಿ ಕೇಳಮ್ಮ. ನಾಕು ಹೆಜ್ಜೆ ನಡೆಯೋದು, ನಿಂತು ಕೂಗೋದು. ಸರ್ಕಲ್ ಬಂತಾ, ಟೀ ಕುಡಿಯೋದು. ಆಮೇಲೆ ರಸ್ತೇಲಿ ಕೂರೋದು. ಕೂತ್ಮೇಲೆ ಪೊಲೀಸ್ನೋರು ಬಂದು ಎತ್ತಿ ವ್ಯಾನಿಗೆ ಹಾಕೋರು. ಸಂಜೆ ಬಿಡೋವಾಗ ಅದೇ ವ್ಯಾನಲ್ಲಿ ಮನೆ ಹತ್ರ ಇಳಿಸಿ ಹೋಗೋರು. ಇವರು ಒಂದು ದಿನಾನಾದ್ರೂ ವಾಪಸು ನಡ್ಕೊಂಡು ಬಂದಿದ್ರೆ ನನ್ನ ಕೇಳು."

ನೆನಪಿನ ಮೂಲೆಮೂಲೆ ತಡಕಿದೆ. ಜವಳಿ ಮುಷ್ಕರ? ವ್ಯಾನು. ನೀರಿನ ಗಲಾಟೆ? ವ್ಯಾನು. ಬೆಲೆಯೇರಿಕೆ? ಆವತ್ತು ಜೀಪು. ನನ್ನ ಕಾಲುಗಳಿಗೆ ಹೋಗುವುದು ಮಾತ್ರ ಗೊತ್ತಿತ್ತು. ವಾಪಸು ಬರುವ ಖಾತೆಯನ್ನು ಇಷ್ಟು ಕಾಲವೂ ಪೊಲೀಸ್ ಇಲಾಖೆ ನೋಡಿಕೊಂಡಿತ್ತು.

ಬಾಯಿ ಮುಚ್ಚಿ ನಿಧಾನ ನಡೆಯಬೇಕು, ನೀರು ಕುಡಿಯಬೇಕು, ಅರ್ಧ ಶಕ್ತಿಯನ್ನು ವಾಪಸಿಗೆ ಉಳಿಸಿಕೊಳ್ಳಬೇಕು, ಆಮೇಲೂ ಸುಸ್ತು ಹೋಗದಿದ್ದರೆ ಮತ್ತೆ ಬರಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದಳು. ಹಾಗೇ ಮಾಡಿದೆ. ನಿಜ ಹೇಳಬೇಕೆಂದರೆ ಸುಸ್ತು ಕಡಿಮೆಯಾಯಿತು. ಊಟವನ್ನು ಎಚ್ಚರದಲ್ಲೇ ಮುಗಿಸತೊಡಗಿದೆ. ಮೆರವಣಿಗೆಯ ಹಿಂದಿನ ದಿನ ಇವಳು ಹೂಂ ಎಂದಳು. ಬ್ಯಾನರ್ ಹೊಲಿದವಳೂ ಅವಳೇ. ಗಾಳಿ ತೂರಿಹೋಗಲಿ ಎಂದು ಅಕ್ಷರಗಳ ನಡುವೆ ಅಲ್ಲಲ್ಲಿ ಕತ್ತರಿಯಾಡಿಸಿ ಕಿಂಡಿ ಬಿಟ್ಟಿದ್ದಳು, ಇಲ್ಲದಿದ್ದರೆ ಬ್ಯಾನರ್ ಹಾಯಿಯಂತೆ ಉಬ್ಬಿ ಕೋಲು ಹಿಡಿದವರನ್ನೇ ಹಿಂದಕ್ಕೆಳೆಯುತ್ತದೆ. ಒಂದು ಕೋಲು ನನಗೆ. ಇನ್ನೊಂದನ್ನು ತಾನೇ ಹಿಡಿದಳು, ನನ್ನ ಮೇಲೆ ಕಣ್ಣಿಡಲು.

ಆದರೆ ಹಿಂದೆ ಜನ, ಮುಂದೆ ಬ್ಯಾನರ್ ಇರುವಾಗ ಯಾವ ಗಂಡಸು ಬಾಯಿ ಮುಚ್ಚಿ ನಡೆದಾನು? ಮೊದಲ ತಿರುವಿನಲ್ಲೇ ಮುಷ್ಟಿ ತಾನಾಗಿ ಮೇಲೆದ್ದಿತು. ವಾಪಸಿಗೆಂದು ಉಳಿಸಿದ್ದ ಅರ್ಧವನ್ನೂ ಸೇರಿಸಿ ಕೂಗಿದೆ. ನಿಧಾನ ಕಣ್ರೀ ಎಂದು ಇವಳು ಬ್ಯಾನರಿನ ಆ ತುದಿಯಿಂದ ಜಗ್ಗುತ್ತಿದ್ದಳು, ನಾನು ಈ ತುದಿಯಿಂದ ಅವಳನ್ನೂ ಎಳೆದುಕೊಂಡು ಡಿಪೋದ ಗೇಟು ಮುಟ್ಟಿದೆ.

ಮ್ಯಾನೇಜರು ತಾವೇ ಹೊರಗೆ ಬಂದರು. ಬಹಳ ಮೆತ್ತಗಿನ ಮನುಷ್ಯ. ಎಲ್ಲರಿಗೂ ನೀರು ಕೊಡಿಸಿ, ನನ್ನ ಕೈ ಹಿಡಿದುಕೊಂಡರು.

"ಈ ವಯಸ್ಸಲ್ಲೂ ಇಷ್ಟು ದೂರ ಎಷ್ಟು ಆರಾಮಾಗಿ ನಡ್ಕೊಂಡು ಬಂದಿದೀರಲ್ಲ ಯಜಮಾನ್ರೇ. ನಿಮಗೆ ಬಸ್ಸು ಯಾಕೆ?"

ಇದಕ್ಕೆ ಏನು ಉತ್ತರ ಕೊಡಬೇಕೆಂದು ಎಳೆಮಗುವಿಗೂ ಗೊತ್ತು. ಆದರೆ ಆ ಹೊಗಳಿಕೆ ನೇರವಾಗಿ, ಮೊದಲು ಮೀಸೆ ಇದ್ದ ಜಾಗಕ್ಕೇ ಹೋಗಿ ಕೂತಿತು. "ಇದ್ಯಾವ ಮಹಾ ದೂರ ಸ್ವಾಮಿ," ಎಂದೆ. "ಇನ್ನೂ ಇಷ್ಟು ನಡೀತೀನಿ."

ಟೀಚರಮ್ಮ ಕಣ್ಣು ಮುಚ್ಚಿಕೊಂಡರು. ಇವಳು ಕೋಲಿನ ತುದಿಯಿಂದ ನನ್ನ ಕಾಲ್ಬೆರಳನ್ನು ಒತ್ತಿದಳು. ಮ್ಯಾನೇಜರು ನಗುತ್ತಾ, ನೋಡಿ, ನಿಮ್ಮ ಹಿರಿಯರೇ ಹೇಳಿಬಿಟ್ಟರು ಎಂದು ಒಳಗೆ ಹೋದರು.

ಮುಗಿಯಿತು. ಬಸ್ಸು ಹೋಯಿತು, ಅದೂ ನನ್ನ ಬಾಯಿಯಿಂದಲೇ. ಆಗ ನನಗೆ ವಾಪಸಿನ ನೆನಪಾಯಿತು. ಸುತ್ತ ನೋಡಿದೆ. ವ್ಯಾನು ಇಲ್ಲ. ಬಂದೋಬಸ್ತಿಗೆಂದು ಒಬ್ಬನೇ ಒಬ್ಬ ಕಾನ್ಸ್‌ಟೇಬಲ್ ಇದ್ದ. ಬಂಧಿಸುವುದಿಲ್ಲವೇ ಎಂದು ಮೆಲ್ಲಗೆ ಕೇಳಿದೆ. ಯಾಕೆ ಸಾರ್, ಎಷ್ಟು ಶಿಸ್ತಾಗಿ ಬಂದಿದ್ದೀರಿ ಎಂದು ಅವನು ಬೈಕು ಹತ್ತಿ ಹೊರಟೇಹೋದ. ಇಲಾಖೆ ಹೀಗೆ ಕೈಬಿಟ್ಟ ಆ ಕ್ಷಣದಲ್ಲಿ ನನ್ನ ಕಾಲುಗಳೂ ಕೈಬಿಟ್ಟವು. ಡಿಪೋದ ಗೇಟಿನ ನಟ್ಟನಡುವೆ ಕುಸಿದು ಕೂತೆ.

ಹೊರಡಲಿದ್ದ ಬಸ್ಸೊಂದು ಒಳಗಿನಿಂದ ಬಂದು ಹಾರ್ನ್ ಹೊಡೆಯಿತು. ಇವಳು ಬಗ್ಗಿ, ಏಳ್ರೀ ಎಂದಳು.

"ಆಗ್ತಿಲ್ಲ ಕಣೇ."

ಇವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ನೆಟ್ಟಗೆ ನಿಂತು, ಮಿಷನ್ನಿನ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಆ ಗಂಟಲಿನಿಂದ ಹೇಳಿದಳು: "ಬಸ್ಸು ಬಿಡೋವರೆಗೂ ಇವರು ಏಳಲ್ಲವಂತೆ."

ನನ್ನ ಮಾತನ್ನು ಅವಳು ತಿರುಚಿದ್ದು ಅದೇ ಮೊದಲಲ್ಲ, ಆದರೆ ಅಷ್ಟು ಚೆನ್ನಾಗಿ ತಿರುಚಿದ್ದು ಅದೇ ಮೊದಲು. ಟೀಚರಮ್ಮ ನನ್ನ ಪಕ್ಕದಲ್ಲಿ ಕೂತರು. ಬಡಾವಣೆಗೆ ಬಡಾವಣೆಯೇ ಕೂತಿತು. ಒಂದರ ಹಿಂದೊಂದು ಬಸ್ಸುಗಳು ಡಿಪೋದೊಳಗೆ ಸಾಲುಗಟ್ಟಿ ಕಿರುಚತೊಡಗಿದವು. ಮೆತ್ತಗಿನ ಮ್ಯಾನೇಜರು ಬೆವರೊರೆಸಿಕೊಳ್ಳುತ್ತಾ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ದಯವಿಟ್ಟು ಏಳಿ ಎಂದರು. ಸಾಧ್ಯವಿಲ್ಲ ಎಂದೆ. ಇಡೀ ಜೀವಮಾನದಲ್ಲಿ ಅಷ್ಟು ಪ್ರಾಮಾಣಿಕವಾಗಿ ನಾನು ಯಾವ ಅಧಿಕಾರಿಗೂ ಉತ್ತರ ಕೊಟ್ಟಿರಲಿಲ್ಲ. ಸಂಜೆಯೊಳಗೆ ಅವರು ಸೋತರು. ಬಸ್ಸು ಮತ್ತೆ ಮಂಜೂರಾಯಿತು, ಅದರಲ್ಲೇ ನಮ್ಮನ್ನೆಲ್ಲ ಮನೆಗೂ ಕಳಿಸಿದರು. ಅಂತೂ ಆ ಸಲವೂ ವಾಪಸು ಬರುವಾಗ ನಡೆಯಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಆದರೆ ಅಭಿನಂದನಾ ಸಭೆಯಲ್ಲಿ ನನ್ನ ಕೈಗೆ ಮೈಕು ಕೊಟ್ಟರು. ಈ ಬಸ್ಸು ಜನರದು, ನನ್ನದಲ್ಲ, ನಾನು ಇದರ ಮೆಟ್ಟಿಲನ್ನೂ ತುಳಿಯುವುದಿಲ್ಲ, ನಡೆದವನು, ನಡೆಯುತ್ತಲೇ ಇರುತ್ತೇನೆ ಎಂದುಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಕೂತಿದ್ದ ಇವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಈಗ ದಿನಾ ಬೆಳಗ್ಗೆ ಬಸ್ಸು ಬರುತ್ತದೆ. ಕಂಡಕ್ಟರು ನನಗೆ ನಮಸ್ಕಾರ ಮಾಡಿ, ಹತ್ತಿಸಿಕೊಳ್ಳದೆ ಮುಂದೆ ಹೋಗುತ್ತಾನೆ. ನೋಡುವ ಜನರಿರುವಾಗ ನನ್ನ ಮುಷ್ಟಿ ಕೆಳಗಿಳಿಯುವುದಿಲ್ಲ; ಮೋರಿಯ ಕಟ್ಟೆ ಮುಟ್ಟುವ ಹೊತ್ತಿಗೆ ಕಣ್ಣಿಗೆ ಕತ್ತಲು ಕವಿಯುತ್ತದೆ, ಕೂರುತ್ತೇನೆ. ಅಲ್ಲಿ ಬಿದಿರು ನನಗಾಗಿ ಕಾದಿರುತ್ತದೆ. ಬಡಾವಣೆಯ ಕೊನೆ ಮುಟ್ಟಿ ತಿರುಗಿ ಬರುವ ಬಸ್ಸು ಅಲ್ಲಿ ಸ್ವಲ್ಪ ನಿಧಾನಿಸುತ್ತದೆ. ಕಿಟಕಿಯ ಪಕ್ಕದಲ್ಲಿ, ಮಡಿಲಲ್ಲಿ ಗಂಟಿಟ್ಟುಕೊಂಡು ಇವಳು ಕೂತಿರುತ್ತಾಳೆ.

"ಚರಂಡಿ ಚೆನ್ನಾಗಿ ನೋಡಿ," ಎನ್ನುತ್ತಾಳೆ. "ಹಾಗೇ ಬರೋವಾಗ ಹಾಲು ತನ್ನಿ."

ಹಾಲು ತರುವುದು ಹೋರಾಟವಲ್ಲ ಎಂದವನು ನಾನೇ. ಹೋರಾಟವೇ ಅದು, ಹಾಲಿನ ಅಂಗಡಿಗೆ ಹೋಗುವುದಲ್ಲ, ಅಲ್ಲಿಂದ ವಾಪಸು ಬರುವುದು.