ರೋಗಿಗಳ ಬದಲು ಸಾಲಿನಲ್ಲಿ ಹಾಜರಿರುವ ಚಪ್ಪಲಿಗಳ ಕುರಿತು

ಕ್ಯಾನ್ಸರ್ ಆಸ್ಪತ್ರೆ, ಸಾಲು ನಿರ್ವಹಣಾ ವಿಭಾಗ
ಸಂಖ್ಯೆ: ಸಾನಿವಿ/ಚಪ್ಪಲಿ/ಎಡ-ಬಲ/04

ವಿಷಯ: ಡ್ರಿಪ್ ಕೋಣೆಯ ಟೋಕನ್ ಸಾಲಿನಲ್ಲಿ ಚಪ್ಪಲಿ ಬಿಟ್ಟು ರೋಗಿಗಳು ಕುಳಿತುಕೊಳ್ಳುತ್ತಿರುವುದನ್ನು ತಡೆಯುವ ಬಗ್ಗೆ.

ಉಲ್ಲೇಖ: 1. ಇದೇ ವಿಭಾಗದ ಹಿಂದಿನ ಮೂರು ಸುತ್ತೋಲೆಗಳು (ಯಾರೂ ಓದಿರುವುದಿಲ್ಲ).
2. ಇಸ್ತ್ರಿ ಅಂಗಡಿಯ ಅಕ್ಕನವರ ಮೌಖಿಕ ಮನವಿ (ಏರು ದನಿಯಲ್ಲಿ).

ಟೋಕನ್ ಕಿಟಕಿಯು ಬೆಳಿಗ್ಗೆ ಒಂಬತ್ತಕ್ಕೆ ತೆರೆಯುವುದಾಗಿದ್ದು, ಆರಕ್ಕೇ ಬರುವ ರೋಗಿಗಳು ಸಾಲಿನಲ್ಲಿ ಚಪ್ಪಲಿ ಬಿಟ್ಟು ತಾವು ಮೆಟ್ಟಿಲ ಮೇಲೆ ಕೂರುವ ಪರಿಪಾಠ ಬೆಳೆದಿರುತ್ತದೆ. ಚಪ್ಪಲಿಗಳ ನಡುವೆ ಈವರೆಗೆ ನೂಕುನುಗ್ಗಲು ವರದಿಯಾಗಿಲ್ಲವಾದರೂ, ಶಿಸ್ತಿನ ದೃಷ್ಟಿಯಿಂದ ಇದು ಸಮಂಜಸವಲ್ಲ.

ಮೂರು ವಾರಗಳ ಹಿಂದಿನ ಸೋಮವಾರ, ಹೊಲಿಗೆ ಕೆಲಸದ ಮಹಿಳೆಯೊಬ್ಬರ (ಇನ್ನು ಮುಂದೆ 'ತಂಗಿ' ಎಂದು ಕರೆಯಲಾಗುವುದು) ನಾಲ್ಕನೇ ಡ್ರಿಪ್ಪಿನ ದಿನ, ಅವರ ನೀಲಿ ಚಪ್ಪಲಿಗಳು ಸಾಲಿನ ಹನ್ನೊಂದನೇ ಸ್ಥಾನದಲ್ಲಿದ್ದವು. ಗುಮಾಸ್ತರು ಮೂರು ಬಾರಿ ಕೂಗಿದರೂ ಚಪ್ಪಲಿಗಳು ಓಗೊಡದ ಕಾರಣ ರೋಗಿ ಗೈರುಹಾಜರು ಎಂದು ದಾಖಲಿಸಲಾಯಿತು. ತಂಗಿಯು ನಾಲ್ಕು ಅಡಿ ದೂರದ ಮೆಟ್ಟಿಲಿನಿಂದ ಕೈ ಎತ್ತಿದ್ದು ನಿಜ. ಆದರೆ ಸದರಿ ಕೈ ಸಾಲಿನ ಹಳದಿ ಗೆರೆಯ ಹೊರಗಿತ್ತು. ಆಗ ಇಸ್ತ್ರಿ ಅಂಗಡಿ ನಡೆಸುವ ಅವರ ಅಕ್ಕ (ಉಲ್ಲೇಖ 2) ಕಿಟಕಿಗೆ ಬಂದು, "ಅವಳು ಮೂರು ಗಂಟೆ ನಿಲ್ಲೋ ಹಾಗಿದ್ದಿದ್ರೆ ನಾವಿಲ್ಲಿಗೆ ಯಾಕ್ ಬರ್ತಿದ್ವಿ ಸ್ವಾಮಿ?" ಎಂದು ಕೇಳಿರುತ್ತಾರೆ. ಪ್ರಶ್ನೆಯು ನಿಗದಿತ ನಮೂನೆಯಲ್ಲಿ ಇರಲಿಲ್ಲ. ಅಷ್ಟರಲ್ಲಿ ಹಿರಿಯ ನರ್ಸ್ ಗಾಲಿಕುರ್ಚಿ ತಂದು, ಟೋಕನ್ ಇಲ್ಲದೆಯೇ ತಂಗಿಯನ್ನು ಒಳಗೆ ಕರೆದೊಯ್ದು ಡ್ರಿಪ್ ಹಾಕಿಬಿಟ್ಟಿರುತ್ತಾರೆ.

ತಂಗಿಯ ಐದನೇ ಡ್ರಿಪ್ ಬರುವ ಸೋಮವಾರ ಇರುವುದರಿಂದ, ಅಂದಿನಿಂದಲೇ ಜಾರಿಗೆ ಬರುವಂತೆ ಈ ಕೆಳಗಿನಂತೆ ಆದೇಶಿಸಿದೆ:

1. ರೋಗಿಯು ಖುದ್ದಾಗಿ ನಿಲ್ಲತಕ್ಕದ್ದು. ಮೂರು ಗಂಟೆ ನಿಂತವರನ್ನು ಆರೋಗ್ಯವಂತರೆಂದು ಪರಿಗಣಿಸಿ ಮನೆಗೆ ಕಳುಹಿಸತಕ್ಕದ್ದು. ನಿಲ್ಲಲಾಗದವರು ಸಾಲಿನಲ್ಲೇ ಇಲ್ಲದ ಕಾರಣ ಅವರ ಬಗ್ಗೆ ವಿಭಾಗಕ್ಕೆ ಮಾಹಿತಿ ಇರುವುದಿಲ್ಲ.

2. ಅನಿವಾರ್ಯವಾಗಿ ಚಪ್ಪಲಿ ಬಿಡುವವರು ಎಡಗಾಲಿನದಕ್ಕೆ ಭಾವಚಿತ್ರವನ್ನೂ ಬಲಗಾಲಿನದಕ್ಕೆ ವೈದ್ಯರ ದೃಢೀಕರಣವನ್ನೂ ಅಂಟಿಸತಕ್ಕದ್ದು. ಚಿಕಿತ್ಸೆಯಿಂದ ಕೂದಲು ಉದುರಿದವರ ಮುಖವು ಭಾವಚಿತ್ರಕ್ಕೆ ಹೊಂದುತ್ತಿಲ್ಲವಾದ್ದರಿಂದ, ಅಂಥವರು ಕೂದಲು ಬೆಳೆದ ನಂತರ ಚಿಕಿತ್ಸೆಗೆ ಬರತಕ್ಕದ್ದು.

3. ಆರೈಕೆ ಮಾಡುವವರ ಬಗ್ಗೆ ವಿಭಾಗಕ್ಕೆ ಅಪಾರ ಕಾಳಜಿ ಇದೆ. ಅವರಿಗಾಗಿ ಪ್ರತಿ ಸೋಮವಾರ ಡ್ರಿಪ್ ನಡೆಯುವ ವೇಳೆಯಲ್ಲೇ 'ನೆಮ್ಮದಿ ಶಿಬಿರ' ಏರ್ಪಡಿಸಲಾಗಿದ್ದು, ರೋಗಿಯನ್ನು ಒಬ್ಬರೇ ಬಿಟ್ಟು ಹಾಜರಾಗುವುದು ಕಡ್ಡಾಯ. ಶಿಬಿರದಲ್ಲಿ 'ಧೈರ್ಯವಾಗಿರಿ' ಎಂದು ನಾಲ್ಕು ಬಾರಿ ಹೇಳಲಾಗುವುದು. ಅಷ್ಟಾದರೂ ಅಳು ನಿಲ್ಲದವರು ಐದನೇ ಬಾರಿಗೆ ಅರ್ಜಿ ಸಲ್ಲಿಸಬಹುದು. "ಧೈರ್ಯ ಮನೇಲೇ ಬೇಕಾದಷ್ಟಿದೆ, ಒಂದು ಬೆಂಚು ಹಾಕಿಸಿ" ಎಂಬ ಅಕ್ಕನವರ ಕೋರಿಕೆಯನ್ನು ಪರಿಶೀಲಿಸಲಾಯಿತು. ಬೆಂಚು ಹಾಕಿದಲ್ಲಿ ಜನ ಕೂರುವ ಸಂಭವ ಇರುವುದರಿಂದ ತಿರಸ್ಕರಿಸಲಾಗಿದೆ.

4. ಟೋಕನ್ ಇಲ್ಲದೆ ದೇಹದೊಳಗೆ ಹೋದ ಔಷಧಿಯನ್ನು ಮೂರು ದಿನದೊಳಗೆ ಹಿಂದಿರುಗಿಸುವಂತೆ ತಂಗಿಗೆ ಸೂಚನಾ ಪತ್ರ ನೀಡಲಾಗಿತ್ತು. ಇದಕ್ಕೆ ಅಕ್ಕನವರು, "ಎರಡು ದಿನ ಬಿಡದೆ ವಾಂತಿ ಮಾಡ್ಕೊಂಡಿದಾಳೆ. ಗೊತ್ತಿದ್ರೆ ಬಕೆಟ್ಟು ತಂದು ನಿಮ್ಮ ಟೇಬಲ್ ಮೇಲೇ ಇಡ್ತಿದ್ದೆ" ಎಂದು ಸಮಜಾಯಿಷಿ ನೀಡಿರುತ್ತಾರೆ. ಬಕೆಟ್ಟಿನ ಅಳತೆ ನಮೂದಿಸದ ಕಾರಣ ಒಪ್ಪಲು ಬರುವುದಿಲ್ಲ.

5. ಹೀಗಾಗಿ ನಾಲ್ಕನೇ ಡ್ರಿಪ್ ದಾಖಲೆಯಲ್ಲಿ ಇರುವುದಿಲ್ಲ. ನಾಲ್ಕನೆಯದಾಗದೆ ಐದನೆಯದನ್ನು ಕೊಡುವಂತಿಲ್ಲ. ನಾಲ್ಕನೆಯದು ಈಗಾಗಲೇ ಆಗಿರುವುದರಿಂದ ಅದನ್ನೂ ಕೊಡುವಂತಿಲ್ಲ.

6. ಈ ತೀರ್ಮಾನ ಕೇಳಿದ ಅಕ್ಕನವರು, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಕಛೇರಿಯ ಅವಧಿಯಲ್ಲಿ ಬಳಸಿರುತ್ತಾರೆ. ಈ ಕಛೇರಿಯಲ್ಲಿ ಪೂಜಾರಿ ಹುದ್ದೆ ಮಂಜೂರಾಗಿರುವುದಿಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

7. ಇತ್ತೀಚೆಗೆ ಸಾಲಿನವರು ತಾವಾಗಿಯೇ ಮಾತಾಡಿಕೊಂಡು, ತೀರಾ ಸೋತವರನ್ನು ಮುಂದಕ್ಕೆ ಬಿಡುತ್ತಿರುವುದೂ, ಸೋಮವಾರ ತಂಗಿಯನ್ನು ಎಲ್ಲರಿಗಿಂತ ಮೊದಲು ಕಳುಹಿಸುವುದಾಗಿ ಅಕ್ಕನವರಿಗೆ ಮಾತು ಕೊಟ್ಟಿರುವುದೂ ತಿಳಿದುಬಂದಿದೆ. ಇದು ಅಧಿಕಾರದ ಅತಿಕ್ರಮಣ. ಕರುಣೆ ತೋರುವ ಅಧಿಕಾರ ಉಪನಿರ್ದೇಶಕರಿಗೆ ಮಾತ್ರ ಇದ್ದು, ಅವರು ದೀರ್ಘ ರಜೆಯಲ್ಲಿರುತ್ತಾರೆ.

ಸಹಿ/-
(ಕುರ್ಚಿಯಲ್ಲಿ ಕುಳಿತು ಸಹಿ ಮಾಡಲಾಗಿದೆ)
ಉಸ್ತುವಾರಿ ಅಧಿಕಾರಿ, ಸಾಲು ನಿರ್ವಹಣಾ ವಿಭಾಗ

ಪ್ರತಿಗಳು:
1. ಉಪನಿರ್ದೇಶಕರಿಗೆ, ರಜೆ ಮುಗಿದ ನಂತರದ ಅವಗಾಹನೆಗಾಗಿ.
2. ಟೋಕನ್ ಗುಮಾಸ್ತರಿಗೆ, ಇನ್ನೂ ಗಟ್ಟಿಯಾಗಿ ಕೂಗುವ ಸೂಚನೆಯೊಂದಿಗೆ.
3. ತಂಗಿಗೆ. ಮೂರು ಗಂಟೆ ನಿಂತು ಪಡೆಯತಕ್ಕದ್ದು.
4. ತಂಗಿಯ ಗಡ್ಡೆಗೆ, ಮುಂದಿನ ಆದೇಶದವರೆಗೆ ಇದ್ದ ಅಳತೆಯಲ್ಲೇ ಇರುವಂತೆ ಕೋರಿ. (ಉತ್ತರ ಬಂದಿರುವುದಿಲ್ಲ.)
5. ಡ್ರಿಪ್ ಕೋಣೆಯ ಹಿರಿಯ ನರ್ಸ್ ಅವರಿಗೆ. ಪ್ರತಿ ತಲುಪಿದ ಬಗ್ಗೆ ಸಹಿ ಕೇಳಲಾಗಿ, ಹಿಂಬದಿಯಲ್ಲಿ "ಸೋಮವಾರ ಕಿಟಕಿ ಪಕ್ಕದ ಹಾಸಿಗೆ ತಂಗಿಗೆ. ಅಕ್ಕನಿಗೆ ನನ್ನ ಕುರ್ಚಿ" ಎಂದು ಬರೆದು ಹಿಂದಿರುಗಿಸಿರುತ್ತಾರೆ. ಬೇರೆ ಸಹಿ ದೊರೆಯದ ಕಾರಣ ಇದನ್ನೇ ಸಹಿಯೆಂದು ಪರಿಗಣಿಸಲಾಗಿದೆ.