ಒಂಬತ್ತು ವರ್ಷದ ಬೋನಸ್ಸು, ಒಂದೇ ಒಂದು ಕಬ್ಬು

ಈ ಜನ್ಮದಲ್ಲಿ ನಾನು ಕಾರಿನ ಇನ್ಶೂರೆನ್ಸ್ ಕ್ಲೇಮ್ ಮಾಡುವುದಿಲ್ಲ!

ಇದು ನನ್ನ ಭೀಷ್ಮ ಪ್ರತಿಜ್ಞೆ. ಒಂಬತ್ತು ವರ್ಷದಲ್ಲಿ ಒಂದು ಗೀರಿಗೂ ಕಂಪನಿಯ ಮುಂದೆ ಕೈ ಚಾಚಿದವನಲ್ಲ. ಅದಕ್ಕೇ ಪಾಲಿಸಿ ನವೀಕರಿಸುವಾಗ ನಮಗೆ ಅರ್ಧಕ್ಕರ್ಧ ರಿಯಾಯಿತಿ. ಏಜೆಂಟ್ ವಿಕ್ರಾಂತ ಅದನ್ನು 'ನೋ ಕ್ಲೇಮ್ ಬೋನಸ್' ಅನ್ನುತ್ತಾನೆ. ನಾನು ಮಾನಪತ್ರ ಅನ್ನುತ್ತೇನೆ! ಕಾಗವಾಡ ತಾಲೂಕಿನಲ್ಲಿ ಸ್ಟೇರಿಂಗ್ ಹಿಡಿಯಲು ಬರುವವನು ನಾನೊಬ್ಬನೇ, ಉಳಿದವರೆಲ್ಲ ರಸ್ತೆಗೆ ಹಿಡಿದ ಶನಿ. ಹಾಗಾಗಿ ಕಾರು ಹತ್ತಿದ ಕೂಡಲೇ ನನಗೆ ಸಿಟ್ಟು ಬರುತ್ತದೆ.

ಹೆಂಡತಿ ರೂಪಾಲಿ ನಾಲ್ಕು ವರ್ಷದ ಹಿಂದೆ ಚಿಕ್ಕೋಡಿಗೆ ಹೋಗಿ, ಒಂದೇ ಏಟಿಗೆ ಪಾಸಾಗಿ ಲೈಸನ್ಸ್ ತಂದಿದ್ದಾಳೆ. ಅಂದಿನಿಂದ ಒಂದೇ ರಾಗ.

"ಚಾವಿ ಕೊಡ್ರಿ. ನಿಪ್ಪಾಣಿಗೆ ಅವ್ವನ ಕಡೆ ಹೋಗಿ ಬರ್ತೀನಿ."

"ಅನುಭವ ಬೇಕು, ಅನುಭವ! ನೀ ಎಲ್ಲೆರ ಗುದ್ದಿದಿ ಅಂದ್ರ ನನ್ನ ಒಂಬತ್ತು ವರ್ಷದ ತಪಸ್ಸು ಹಾಳು!"

"ಚಾವಿ ಕೊಡದ ಅನುಭವ ಹ್ಯಾಂಗ ಬರತೈತ್ರಿ?"

ಇಂಥ ಪ್ರಶ್ನೆ ಬಂದಾಗ ನಾನು ಚಾವಿ ಜೇಬಿಗೆ ಹಾಕಿ ಎದ್ದುಹೋಗುತ್ತೇನೆ. ಬಿಪಿ ಏರುತ್ತದೆ.

ಹೋದ ತಿಂಗಳು ಮಂಗಸೂಳಿ ಮಲ್ಲಯ್ಯನಿಗೆ ಕಾಯಿ ಒಡೆಸಿಕೊಂಡು ಇಬ್ಬರೂ ಬರುತ್ತಿದ್ದೆವು. ಉಗಾರದ ಹತ್ತಿರ ಕಾಲುವೆಯ ಸೇತುವೆ ಇಳಿಯುವಾಗ ಮುಂದೊಂದು ಕಬ್ಬಿನ ಟ್ರ್ಯಾಕ್ಟರ್ ನಿಂತುಬಿಟ್ಟಿತು. ಹಿಂದೆ ಎರಡೆರಡು ಟ್ರೇಲರ್, ಕಿವಿ ಹರಿಯುವ ಹಾಡು. ನಾನು ಹಾರ್ನ್ ಹೊಡೆದೆ. ಅವನು ಹಾಡಿನ ಸೌಂಡು ಏರಿಸಿದ! ಅರ್ಧ ತಾಸಾಯಿತು. ನನ್ನ ರಕ್ತ ಕುದಿಯಿತು.

ಕಣ್ಣೆದುರಿಗೇ ಕಬ್ಬಿನ ತುದಿಗಳು ಅಲ್ಲಾಡುತ್ತಿದ್ದವು. ನನಗೆ ಆರು ಎಕರೆ ಸ್ವಂತ ಕಬ್ಬಿದೆ, ನಿಜ. ಆದರೆ ಫ್ಯಾಕ್ಟರಿಗೆ ಹೊರಟ ಟ್ರೇಲರಿನಿಂದ ಜಗ್ಗಿದ ಕಬ್ಬಿನ ರುಚಿಯೇ ಬೇರೆ, ಈ ಕಡೆ ಸಾಲಿಯ ದಾರಿಯಲ್ಲಿ ಟ್ರೇಲರಿನ ಹಿಂದೆ ಓಡಿದ ಯಾರನ್ನಾದರೂ ಕೇಳಿ. ಮೇಲಾಗಿ ಇದು ಕಳವಲ್ಲ, ದಂಡ ವಸೂಲಿ!

ಇಳಿದು ಹೋದೆ. ಟ್ರೇಲರಿಗೆ ಕಾಲು ಕೊಟ್ಟು ಜಗ್ಗತೊಡಗಿದೆ.

"ರೀ! ಹ್ಯಾಂಡ್‌ಬ್ರೇಕ್ ಎಳದಿಲ್ರಿ!" ಕಾರಿನೊಳಗಿಂದ ರೂಪಾಲಿ ಚೀರಿದಳು.

"ಕಬ್ಬ ಎಳ್ಯಾಕತ್ತೀನಿ, ತಡಿ!"

ಕಬ್ಬು ಬಂತು. ಹಿಂದಿನಿಂದ ಕಾರೂ ಬಂತು! ನಾನು ಪಕ್ಕಕ್ಕೆ ಜಿಗಿದೆ. ಅವಳು ಬಗ್ಗಿ ಬ್ರೇಕು ಎಳೆಯುವಷ್ಟರಲ್ಲಿ ಟ್ರೇಲರಿನ ಕಬ್ಬಿಣದ ಕೊಂಡಿ ರೇಡಿಯೇಟರಿನೊಳಗೆ ಇಳಿದಿತ್ತು. ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು.

ಟ್ರ್ಯಾಕ್ಟರಿನವನು ನಿಧಾನವಾಗಿ ಇಳಿದು ಬಂದ. ಬಯ್ದಿದ್ದರೆ ನಾನೂ ಬಯ್ಯಬಹುದಿತ್ತು.

"ಸಾವ್ಕಾರ್ರ, ಕೇಳಿದ್ರ ನಾನ ಕೊಡ್ತಿದ್ನೆಲ್ರಿ ಒಂದು ಕಬ್ಬು!"

ಗ್ಯಾರೇಜಿನ ಸಂಭಾಜಿ ಬಾನೆಟ್ ಎತ್ತಿ ನೋಡಿ, ಅರವತ್ತು ಸಾವಿರ ಅಂದ. "ಭಾವೂ, ಸುಮ್ಮ ಕ್ಲೇಮ್ ಮಾಡ್ರಿ."

ಕ್ಲೇಮ್! ನನ್ನ ಮಾನಪತ್ರ! ಊಟ ಸೇರಲಿಲ್ಲ. ಕಡೆಗೆ ತಲೆಯಲ್ಲೊಂದು ಬೆಳಕು ಹೊಳೆಯಿತು.

"ರೂಪಾ, ನೀನ ಗಾಡಿ ಹೊಡ್ಯಾಕತ್ತಿದ್ದಿ ಅಂತ ಬರಸೂಣು. ನಿನ್ನ ರೆಕಾರ್ಡ್ ಇನ್ನೂ ಶುರುನ ಆಗಿಲ್ಲ. ಕೆಟ್ರ ಏನ ಕೆಡತೈತಿ?"

ಅವಳು ನನ್ನನ್ನು ಒಮ್ಮೆ ನೋಡಿದಳು. ಆ ನೋಟಕ್ಕೆ ಯಾವ ಕಂಪನಿಯೂ ವಿಮೆ ಕೊಡಲಾರದು. ಆಮೇಲೆ ವಿಕ್ರಾಂತನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ನನ್ನ ಕೈಗಿಟ್ಟಳು.

ಎಲ್ಲ ಕೇಳಿ ವಿಕ್ರಾಂತ ನಕ್ಕ. "ಸುಳ್ಳ ಬರಸಿದ್ರ ಒಂದು ಪೈಸಾನೂ ಬರಂಗಿಲ್ಲ ಮಾಮಾ. ಮತ್ತ ಗಾಡಿ ಯಾರು ಹೊಡದ್ರೂ ಬೋನಸ್ ಹೋಗೂದ. ಅದು ಪಾಲಿಸಿ ಯಾರ ಹೆಸರಿಲೆ ಐತಿ, ಅವ್ರದು."

"ಅಂದ್ರ ನಂದು!"

"ನಿಮ್ದಲ್ರಿ, ರೂಪಾಲಿ ಅಕ್ಕಾರ್ದು!"

ಆಗ ನೆನಪಾಯಿತು. ಕಾರು ಕೊಳ್ಳುವಾಗ ನಮ್ಮವ್ವ ಕೆಂಪವ್ವ ಅಡ್ಡ ನಿಂತಿದ್ದಳು. ಹಿಂದೊಮ್ಮೆ ನಾನು ಮೊಪೆಡ್ ಸಮೇತ ಜೋಳದ ಮೇವಿನ ಬಣವಿಗೆ ನುಗ್ಗಿದ್ದೆ. "ಇವನ ಹೆಸರಿಗೆ ಗಾಡಿ ಆಗಿ ಬರಂಗಿಲ್ಲ, ಸೊಸಿ ಹೆಸರಿಲೆ ಮಾಡ್ರಿ" ಅಂದಿದ್ದಳು. ಹಾಗೇ ಮಾಡಿದ್ದೆವು.

ಅಂದರೆ ಒಂಬತ್ತು ವರ್ಷ ನಾನು ಹೆಂಡತಿಯ ಬೋನಸ್ಸನ್ನು ಹೆಂಡತಿಯಿಂದಲೇ ಕಾಯ್ದಿದ್ದೆ! ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯಲಿಲ್ಲ. ಕನ್ನಡಿಯ ಮುಂದೆ ನಿಂತು ಸ್ವಲ್ಪ ಮಾಡಿಕೊಂಡೆ.

ಕ್ಲೇಮಿನ ಕಾಗದಕ್ಕೆ ರೂಪಾಲಿ ಸಹಿ ಹಾಕಿದಳು, ನಿಜವನ್ನೇ ಬರೆದು. ರಿಯಾಯಿತಿ ಸೊನ್ನೆಗೆ ಇಳಿಯಿತು. ಗ್ಯಾರೇಜಿನಿಂದ ಕಾರು ಬಂದ ದಿನ ಚಾವಿಗೆ ಕೈ ಚಾಚಿದೆ.

"ರೆಕಾರ್ಡ್ ನಂದು, ಕೆಡಿಸಿದವ್ರು ನೀವು," ಅಂದಳು. "ಅನುಭವ ಬೇಕ್ರಿ, ಅನುಭವ!"

ಈಗ ನಾನು ಎಡಗಡೆ ಕೂಡುತ್ತೇನೆ. ಮೊನ್ನೆ ನಿಪ್ಪಾಣಿಗೆ ಹೊರಟಾಗ ಅದೇ ಸೇತುವೆ, ಮುಂದೆ ಅಂಥದ್ದೇ ಟ್ರ್ಯಾಕ್ಟರ್, ಅಲ್ಲಾಡುವ ಕಬ್ಬು. ನನ್ನ ಕೈ ತಾನಾಗಿ ಬಾಗಿಲಿಗೆ ಹೋಯಿತು. ರೂಪಾಲಿ ನನ್ನ ಕಡೆ ತಿರುಗಲೂ ಇಲ್ಲ. ಮೊದಲು ಹ್ಯಾಂಡ್‌ಬ್ರೇಕ್ ಎಳೆದಳು. ಆಮೇಲೆ ಗುಂಡಿ ಒತ್ತಿ ನನ್ನ ಬಾಗಿಲು ಲಾಕ್ ಮಾಡಿದಳು.